ನೋಡಿ ಕಟ್ಟುವುದೋ, ಕಟ್ಟಿ ನೋಡುವುದೋ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ನಮ್ಮ ಹಿರಿಯರು ಯಾವ ಪಂಥಕ್ಕೆ ಸೇರಿದವರೋ ಹೇಳುವುದು ಕಷ್ಟ. ಕೈಹಾಕಿದ ಹೊರತು ಕೆಲಸದ ಪಾಡು ತಿಳಿಯದು ಎಂಬುದು ಆ ಮಾತಿನ ಇಂಗಿತವಾದರೆ, ಇಂದು ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಹೊಸ ಮತವೆಂಬಂತೆ ಬೋಧಿಸುತ್ತಿರುವುದೂ ಹೆಚ್ಚುಕಡಮೆ ಅದನ್ನೇ. ಅಲ್ಲಿ ಎರಡು ಮಾರ್ಗಗಳುಂಟು. ಬೇಕಾದುದನ್ನೆಲ್ಲ ಮೊದಲೇ ವಿಚಾರಿಸಿ, ನಕ್ಷೆ ಬರೆದು, ಕಟ್ಟಿ, ಪರೀಕ್ಷಿಸಿ ಒಪ್ಪಿಸುವುದು ಒಂದು. ಒಂದು ಮೆಟ್ಟಿಲು ಮುಗಿಯದೆ ಮುಂದಿನದಕ್ಕೆ ಕಾಲಿಡುವಂತಿಲ್ಲ. ಇದಕ್ಕೆ ‘ವಾಟರ್‌ಫಾಲ್’ ಎಂದು ಹೆಸರು. ಧುಮುಕಿದ ನೀರು ಮತ್ತೆ ಮೇಲಕ್ಕೆ ಹತ್ತುವುದಿಲ್ಲವಷ್ಟೆ! ಸಣ್ಣದೊಂದನ್ನು ಮಾಡಿ, ಬಳಸುವವರ ಕೈಗಿತ್ತು, ಅವರ ಮಾತು ಕೇಳಿ ತಿದ್ದಿ, ಮತ್ತೆ ಕೊಡುವುದು ಇನ್ನೊಂದು. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ಪ್ರಾಂತದ ಬೆಟ್ಟದ ತಾಣವೊಂದರಲ್ಲಿ ಸೇರಿದ 17 ಮಂದಿ ಈ ಬಗೆಯ ಕ್ರಮಗಳಿಗೆ ‘ಅಜೈಲ್’ ಎಂದು ನಾಮಕರಣ ಮಾಡಿ, ಒಂದು ಘೋಷಣೆಯನ್ನೂ ಹೊರಡಿಸಿದರು.

ಮೊದಲ ಮಾರ್ಗದ ಮೂಲಪುರುಷನೆನಿಸಿಕೊಂಡ ವಿನ್‌ಸ್ಟನ್ ರಾಯ್ಸ್‌ನ ಕಥೆ ಸ್ವಾರಸ್ಯವಾದುದು. 1970ರ ತನ್ನ ಲೇಖನದಲ್ಲಿ ಆತ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಚಿತ್ರ ಬರೆದುದು ನಿಜ. ಆದರೆ ಅದನ್ನು ಹಾಗೆಯೇ ಆಚರಣೆಗೆ ತಂದರೆ ಕೇಡು ಕಾದಿದೆ, ತಪ್ಪು ಗೊತ್ತಾಗುವುದು ಕೊನೆಯ ಪರೀಕ್ಷೆಯಲ್ಲಿ ಎಂದು ಅಲ್ಲಿಯೇ ಎಚ್ಚರಿಸಿದ್ದ. ಹೊಸ ಬಗೆಯ ಕೆಲಸವನ್ನು ಎರಡು ಸಲ ಮಾಡಿ, ಎರಡನೆಯದನ್ನು ಒಪ್ಪಿಸಿರೆಂದೂ ಸಲಹೆ ಕೊಟ್ಟಿದ್ದ. ಲೋಕ ಚಿತ್ರವನ್ನು ಇಟ್ಟುಕೊಂಡು ಎಚ್ಚರಿಕೆಯನ್ನು ಕೈಬಿಟ್ಟಿತು. ಮೂಲವನ್ನು ಬಿಟ್ಟು ಗೈಡುಗಳನ್ನು ಓದಿ ಪರೀಕ್ಷೆಗೆ ಬರುವ ವಿದ್ಯಾರ್ಥಿಗಳನ್ನು ಕಂಡಿರುವ ನನ್ನಂಥವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ತಿದ್ದುತ್ತ ಸಾಗುವ ಮಾರ್ಗದಲ್ಲಿ ಒಂದು ವಿನಯವಿದೆ. ಎಲ್ಲವೂ ನನಗೆ ಮೊದಲೇ ಗೊತ್ತು ಎಂಬ ಹಮ್ಮನ್ನು ಅದು ಬಿಡಿಸುತ್ತದೆ. ಇಷ್ಟನ್ನು ಒಪ್ಪಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ತಪ್ಪಿ ತಿದ್ದಿಕೊಳ್ಳುವವರು ನಾವು; ಆ ತಪ್ಪನ್ನು ಅನುಭವಿಸುವವರು ಯಾರು?

ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಕೊಡುವ ‘ಥೆರಾಕ್-25’ ಎಂಬ ಯಂತ್ರದಿಂದ 1985ರಿಂದ 1987ರೊಳಗೆ ಅಮೆರಿಕ, ಕೆನಡಾಗಳಲ್ಲಿ ಆರು ಮಂದಿಗೆ ಮಿತಿಮೀರಿದ ವಿಕಿರಣ ತಗುಲಿತು. ಹಳೆಯ ಮಾದರಿಗಳಲ್ಲಿ ಅಪಾಯವನ್ನು ತಡೆಯುವ ಬೇರೆ ಭಾಗಗಳೇ ಇದ್ದವು; ಇದರಲ್ಲಿ ಆ ಹೊಣೆ ಬಹುಮಟ್ಟಿಗೆ ಸಾಫ್ಟ್‌ವೇರಿನ ಮೇಲೆ ಬಿತ್ತು. ಕೆನಡಾದ ಹ್ಯಾಮಿಲ್ಟನ್‌ನಲ್ಲಿ 1985ರ ಜುಲೈನಲ್ಲಿ ಅವಘಡವಾದಾಗ, ತಯಾರಕರು ಒಂದು ಪುಟ್ಟ ಸ್ವಿಚ್ಚಿನ ಮೇಲೆ ಸಂಶಯಪಟ್ಟು, ಆ ಭಾಗವನ್ನು ತಿದ್ದಿ, ಯಂತ್ರ ಹಿಂದಿಗಿಂತ ಎಷ್ಟೋ ಪಾಲು ಸುರಕ್ಷಿತವಾಯಿತೆಂದು ಸಾರಿದರು. ಮರುವರ್ಷ ಟೆಕ್ಸಸ್‌ನ ಟೈಲರ್ ಎಂಬ ಊರಿನಲ್ಲಿ ಮಾರ್ಚಿಯಲ್ಲೊಬ್ಬ, ಏಪ್ರಿಲ್‌ನಲ್ಲೊಬ್ಬ ಅದೇ ಯಂತ್ರಕ್ಕೆ ಬಲಿಯಾದರು. ಅಲ್ಲಿ ದೋಷ ಸಿಕ್ಕಿದ್ದು ಸಾಫ್ಟ್‌ವೇರಿನಲ್ಲಿ. ಇದು ಅಜೈಲ್ ಪಂಥದ ತಪ್ಪಲ್ಲ. ಆ ಹೆಸರೇ ಆಗ ಹುಟ್ಟಿರಲಿಲ್ಲ. ಆದರೆ ‘ಆಗಲಿ, ತಿದ್ದಿದರಾಯಿತು’ ಎಂಬ ಮಾತು ರೋಗಿಯ ಮಂಚದ ಬಳಿ ಎಷ್ಟು ಬೇರೆಯಾಗಿ ಕೇಳುತ್ತದೆ!

ಹಾಗಾದರೆ ಎಲ್ಲವನ್ನೂ ಮೊದಲೇ ನಿಶ್ಚಯಿಸಬೇಕೆ? ನಮ್ಮ ಕನ್ನಂಬಾಡಿ ಕಟ್ಟೆಯನ್ನು ನೋಡಿ. ಕೆಲಸ 1911ರಲ್ಲಿ ಮೊದಲಾಯಿತು. ಮೈಸೂರು ಬಯಸಿದ ಎತ್ತರ 124 ಅಡಿ. ಮದರಾಸು ಸರ್ಕಾರದ ಆಕ್ಷೇಪಣೆಯಿಂದಾಗಿ ಮೊದಲು ಒಪ್ಪಿಗೆ ಸಿಕ್ಕಿದ್ದು 80 ಅಡಿಗೆ. ಆದರೂ ತಳಪಾಯವನ್ನು ಮಾತ್ರ ಪೂರ್ಣ ಎತ್ತರಕ್ಕೆ ಸಲ್ಲುವಂತೆಯೇ ಹಾಕಲಾಯಿತು. ಮದರಾಸಿನವರಿಗೆ ಇದು ಹಿಡಿಸಲಿಲ್ಲ, ವ್ಯಾಜ್ಯ ಬೆಳೆಯಿತು, 1924ರ ಒಪ್ಪಂದದವರೆಗೆ ಎಳೆಯಿತು. ಅವರ ದೂರಿನಲ್ಲಿ ನ್ಯಾಯವಿರಲಿಲ್ಲವೆಂದು ನಾನು ಹೇಳಲಾರೆ. ನನಗೆ ಮುಖ್ಯವಾಗಿ ಕಾಣುವುದು ಬೇರೊಂದು: ಎತ್ತರವನ್ನು ನಾಳೆ ಏರಿಸಬಹುದು, ತಳಪಾಯವನ್ನು ನಾಳೆ ಅಗಲಿಸಲಾಗದು ಎಂಬ ವಿವೇಕ. ಮತ್ತೆ ಮುಟ್ಟಲಾಗದ್ದನ್ನು ಮುಂಚೆ ಯೋಚಿಸಿ, ಮುಟ್ಟಬಹುದಾದುದನ್ನು ಮುಂದಕ್ಕೆ ಬಿಟ್ಟರು.

ಇಷ್ಟು ವಿವೇಕವೂ ಎಲ್ಲರಿಗೆ ಸಮಾಧಾನ ತರಲಾರದು. ಹಳೆಯ ಕನ್ನಂಬಾಡಿ ಗ್ರಾಮ ನೀರಿನಲ್ಲಿ ಮುಳುಗಿತು. ಯಾವುದೇ ಅಣೆಕಟ್ಟಿನ ಹಿಂಬದಿಯ ರೈತನಿಗೆ ಎತ್ತರ ಇನ್ನೂ ನಿಶ್ಚಯವಾಗಿಲ್ಲ ಎನ್ನುವುದೂ ಒಂದು ಶಿಕ್ಷೆಯೇ: ಬಿತ್ತಲೇ, ಬಾವಿ ತೋಡಿಸಲೇ, ಮಗಳ ಮದುವೆಗೆ ಹೊಲ ಮಾರಲೇ? ಎಂಜಿನಿಯರನಿಗೆ ಅನುಕೂಲವಾದ ಅನಿಶ್ಚಯ ಅವನ ಹೆಗಲಿಗೆ ಭಾರ.

ಇಂದು ಪಡಿತರದಂಗಡಿಯಲ್ಲಿಯೂ ಯಂತ್ರವಿದೆ. ದುಡಿದು ಸವೆದ ಬೆರಳಿನ ಗುರುತನ್ನು ಅದು ಹಿಡಿಯದಿದ್ದರೆ, ಅದನ್ನು ಬರೆದವರು ಮುಂದಿನ ಆವೃತ್ತಿಯಲ್ಲಿ ಸರಿಪಡಿಸಿಯಾರು. ಅಲ್ಲಿಯವರೆಗೆ ಆ ಮುದುಕಿಗೆ ಅಕ್ಕಿ ಕೊಡಲು ಒಂದು ಕಾಗದದ ಪುಸ್ತಕವಾದರೂ ಆ ಮೇಜಿನ ಮೇಲೆ ಇರಬೇಕೆಂದು ಮೊದಲ ದಿನವೇ ಯೋಚಿಸುವ ಕೆಲಸ ಯಾರದು?