ಮಾನದ ಅಳತೆ, ನ್ಯಾಯದ ಖರ್ಚು

ಕನ್ನಡದಲ್ಲಿ ‘ಮಾನ’ ಎಂಬ ಪದಕ್ಕೆ ಗೌರವವೆಂಬ ಅರ್ಥವೂ ಅಳತೆಯೆಂಬ ಅರ್ಥವೂ ಇವೆ. ಕೆನಡಾದ ಮಾನವ ಹಕ್ಕುಗಳ ನ್ಯಾಯಮಂಡಳಿ, ಅಂದರೆ ತಾರತಮ್ಯದ ದೂರುಗಳನ್ನು ವಿಚಾರಿಸಿ ತೀರ್ಮಾನಿಸುವ ಶಾಸನಬದ್ಧ ಸಂಸ್ಥೆ, ಈ ಎರಡನ್ನೂ ಒಂದೇ ಆದೇಶದಲ್ಲಿ ಹೊಂದಿಸಬೇಕಾಗುತ್ತದೆ. ಬೆಲೆಯುಳ್ಳದ್ದಕ್ಕೆ ಬದಲಿ ಉಂಟು, ಘನತೆಗೆ ಬದಲಿಯಿಲ್ಲ ಎಂದು 1785ರಲ್ಲಿ ಇಮ್ಯಾನುಯೆಲ್ ಕಾಂಟ್ ಮಾಡಿದ ವಿಂಗಡಣೆಯನ್ನು ಒಪ್ಪಿದರೆ, ಮನನೋವಿನ ಪರಿಹಾರಕ್ಕೆ 20,000 ಡಾಲರುಗಳ ಮಿತಿ ಹಾಕಿರುವ ಅಲ್ಲಿನ ಕಾನೂನು ಅಸಂಗತವೆನಿಸೀತು. ಪರಿಹಾರಧನವನ್ನು ಮಾನದ ಕ್ರಯವೆಂದು ತಿಳಿದಾಗ ಮಾತ್ರ ಈ ಆಕ್ಷೇಪಕ್ಕೆ ನೆಲೆಯಿರುತ್ತದೆ. ಅನ್ಯಾಯ ನಡೆದದ್ದು ನಿಜವೆಂದು ಸಮಾಜ ಹಾಕುವ ರುಜು ಎಂದು ತಿಳಿದರೆ ಮೊತ್ತ ಸಣ್ಣದಾದರೂ ಅದಕ್ಕೆ ತೂಕವಿದೆ. ಹಣವನ್ನು ಮೀರಿದ ಪರಿಹಾರಗಳೂ ಉಂಟು: ಹೆಂಗಸರನ್ನು ಶ್ರಮದ ಕೆಲಸಗಳಿಂದ ದೂರವಿಟ್ಟಿದ್ದ ರೈಲ್ವೆ ಕಂಪನಿಯೊಂದು, ಅಂಥ ಹುದ್ದೆಗಳಲ್ಲಿ ಅವರ ಪಾಲು ಶೇ. 13 ಮುಟ್ಟುವವರೆಗೆ ಹೊಸ ನೇಮಕಗಳಲ್ಲಿ ನಾಲ್ಕಕ್ಕೊಂದನ್ನು ಅವರಿಗೇ ಕೊಡಬೇಕೆಂಬ ಮಂಡಳಿಯ ಆದೇಶವನ್ನು ಅಲ್ಲಿನ ಸುಪ್ರೀಂ ಕೋರ್ಟ್ 1987ರಲ್ಲಿ ಎತ್ತಿಹಿಡಿಯಿತು.

ನಿಜವಾದ ಇಕ್ಕಟ್ಟು ಇರುವುದು ವ್ಯಾಜ್ಯದ ಖರ್ಚಿನಲ್ಲಿ. ಸೇನೆಯಲ್ಲಿದ್ದ ಮಹಿಳೆಯೊಬ್ಬರ ಲೈಂಗಿಕ ಕಿರುಕುಳದ ದೂರು ಭಾಗಶಃ ಸಾಬೀತಾದಾಗ ಮಂಡಳಿ ಅವರ ಆತ್ಮಗೌರವಕ್ಕಾದ ನೋವಿಗೆ 4,000 ಡಾಲರ್ ಕೊಡಿಸಿತು. ಆದರೆ ಅವರು ಕೋರಿದ್ದ ವಕೀಲಿ ಖರ್ಚು 1,96,000 ಡಾಲರಿಗೂ ಹೆಚ್ಚು. ತಾರತಮ್ಯದಿಂದ ಸಂತ್ರಸ್ತರಿಗೆ ತಗಲಿದ ‘ಯಾವುದೇ ವೆಚ್ಚ’ವನ್ನು ಕೊಡಿಸಬಹುದು ಎಂಬ ಕಾನೂನಿನ ಮಾತಿನಲ್ಲಿ ವಕೀಲಿ ಖರ್ಚೂ ಅಡಗಿದೆಯೆಂದು ಓದಿದ ಮಂಡಳಿ ಅದಕ್ಕಾಗಿ 47,000 ಡಾಲರ್ ನೀಡಿತು. ಪ್ರಕರಣ ನ್ಯಾಯಾಂಗ ಪರಿಶೀಲನೆಗೆ ಹೋಯಿತು. ಅಲ್ಲಿ ಸಾಕ್ಷ್ಯವನ್ನು ಹೊಸದಾಗಿ ಕೇಳುವುದಿಲ್ಲ, ಮಂಡಳಿಯ ನಿರ್ಣಯ ಕಾನೂನಿನ ಎಲ್ಲೆಯೊಳಗೆ ವಿವೇಚನಾಯುಕ್ತವಾಗಿದೆಯೇ ಎಂದಷ್ಟೇ ನೋಡಲಾಗುತ್ತದೆ. ವ್ಯಾಜ್ಯದ ಖರ್ಚಿಗೆ ಕಾನೂನಿನ ಪರಿಭಾಷೆಯಲ್ಲಿ ಬೇರೆಯೇ ಪದವಿದೆ, ಸಂಸತ್ತು ಅದನ್ನು ಬಳಸಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿತು. ಆ 47,000 ಡಾಲರ್ ಬಿದ್ದುಹೋಯಿತು.

ಶಾಸನದ ಶಬ್ದಕ್ಕೆ ಈ ಓದು ನಿಷ್ಠವಾಗಿದೆ, ನ್ಯಾಯಾಲಯ ತನ್ನ ಮಿತಿಯನ್ನು ಅರಿತೇ ನುಡಿದಿದೆ. ಆದರೂ ಅದರ ಹಿಂದೆ ಒಪ್ಪಲಾಗದ ಒಂದು ಗ್ರಹಿಕೆಯಿದೆ: ಅನ್ಯಾಯ ಒಂದು ಘಟನೆ, ಅದನ್ನು ಸಾಬೀತುಪಡಿಸುವ ಶ್ರಮ ಇನ್ನೊಂದು ಎಂಬುದು. ಅವಮಾನಿತರ ಮಾತನ್ನು ಯಾರೂ ನಂಬದಿರುವುದೇ ಅವಮಾನದ ಅರ್ಧಪಾಲು. ಆ ಮಾತನ್ನು ನಂಬಿಸಲು ಮಾಡಿದ ಖರ್ಚು ಆ ಗಾಯದಿಂದಲೇ ಸೋರಿದ ರಕ್ತ. ಆಕೆಯ ಲೆಕ್ಕದಲ್ಲಿ ಕೊನೆಗೆ ಉಳಿದದ್ದು ಬಡ್ಡಿ ಸೇರಿದ ಆ 4,000 ಡಾಲರ್, ಜೊತೆಗೆ ವಕೀಲರ ಬಿಲ್ಲು.