ಬಾಗಿಲಿಗೆ ಬಂದ ಊಟ

ಒಲೆ ಹಚ್ಚದೆ ಉಣ್ಣುವುದು ತಪ್ಪೇ? ಈ ಪ್ರಶ್ನೆ ನಮ್ಮ ಮನೆಗೆ ಬಂದದ್ದು ನನ್ನ ಸೊಸೆಯ ಮೊಬೈಲಿನ ಜೊತೆಗೆ. ಅವಳು ದಾವಣಗೆರೆಯ ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಸಂಜೆ ಮನೆ ಸೇರಿ, ಮಗುವಿನ ಹೋಂವರ್ಕ್ ಮುಗಿಸಿ, ಉತ್ತರಪತ್ರಿಕೆಗಳ ಕಟ್ಟು ಬಿಚ್ಚುವ ಹೊತ್ತಿಗೆ ಎಂಟು ಗಂಟೆ. ವಾರದಲ್ಲಿ ಒಂದೋ ಎರಡೋ ರಾತ್ರಿ, "ಅತ್ತೆ, ಇವತ್ತು ತರಿಸಿಬಿಡೋಣ" ಅನ್ನುತ್ತಾಳೆ. ನಾನು "ಹೂಂ" ಅನ್ನುತ್ತೇನೆ. ನಾಲ್ಕು ಸಲ ಬೆರಳು ಒತ್ತಿದರೆ ಮುಕ್ಕಾಲು ಗಂಟೆಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ನಾಲ್ಕನೆಯ ಮಹಡಿಗೆ ಊಟ ಬಂದು ನಿಲ್ಲುತ್ತದೆ.

ರಾಣೆಬೆನ್ನೂರಿನಿಂದ ಬಂದಿದ್ದ ನನ್ನ ನಾದಿನಿ ಇದನ್ನು ನೋಡಿ ತಡೆಯಲಾರದೆ ಕೇಳಿಯೇಬಿಟ್ಟಳು: "ಏನ್ ಅತ್ತಿಗಿ, ನಿಮ್ಮ ಮನ್ಯಾಗ ಒಲಿ ಹಚ್ಚೂದ ಬಿಟ್ಟೀರೇನು?" ಕೇಳಿದ್ದು ನನ್ನನ್ನು, ತಾಗಬೇಕಾದದ್ದು ಸೊಸೆಗೆ. ಅದೇ ಡಬ್ಬಿಯಿಂದ ಅದೇ ಫ್ರೈಡ್ ರೈಸನ್ನು ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದ ನನ್ನ ಮಗನನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ.

ಈ ವಿಷಯ ಎಲ್ಲಿ ಚರ್ಚೆಗೆ ಬಂದರೂ ಹೀಗೇ ಆಗುತ್ತದೆ. ಹೊರಗಿನ ಊಟ ಆರೋಗ್ಯಕ್ಕೆ ಕೆಡುಕು, ಜೇಬಿಗೆ ಕೆಡುಕು ಎಂದು ಆರಂಭವಾದ ಮಾತು ಎರಡೇ ನಿಮಿಷದಲ್ಲಿ "ಈಗಿನ ಹೆಣ್ಣುಮಕ್ಕಳು" ಎಂಬಲ್ಲಿಗೆ ಬಂದು ನಿಲ್ಲುತ್ತದೆ. ತಿನ್ನುವುದು ಮನೆಮಂದಿಯೆಲ್ಲ, ತಪ್ಪು ಮಾತ್ರ ಒಬ್ಬಳದು! 2019ರಲ್ಲಿ ಕೇಂದ್ರ ಸರ್ಕಾರದ ಸಂಖ್ಯಾಶಾಸ್ತ್ರ ಕಚೇರಿ ನಮ್ಮ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿತ್ತು. ಸಂಬಳವಿಲ್ಲದ ಮನೆಗೆಲಸ ಮಾಡುವವರ ಪೈಕಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲಿ ಕಳೆದರೆ, ಗಂಡಸರು ಕಳೆಯುವುದು 97 ನಿಮಿಷ. ಅಂಥ ಕೆಲಸಕ್ಕೆ ಕೈಹಾಕುವ ಗಂಡಸರೇ ನಾಲ್ವರಲ್ಲಿ ಒಬ್ಬರು ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಿ. ಸುಮಾರು ಐದು ಗಂಟೆ! ಅದರಲ್ಲಿ ವಾರಕ್ಕೊಮ್ಮೆ ಒಂದೂವರೆ ಗಂಟೆ ಉಳಿಸಿಕೊಂಡವಳನ್ನು ಸೋಮಾರಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಹೊರಗಿನ ಊಟವೇನು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಮುಂಬಯಿಯ ಡಬ್ಬಾವಾಲಾಗಳು 1890ರಿಂದ ಊಟದ ಡಬ್ಬಿ ಹೊರುತ್ತಿದ್ದಾರೆ. ಉಡುಪಿಯ ಕಡೆಯವರು ಹೋಟೆಲಿಡದ ಊರಿಲ್ಲ. ನಮ್ಮ ಸೀಮೆಯಲ್ಲಿ ಖಾನಾವಳಿಗಳಿದ್ದವು, ಈಗಲೂ ಇವೆ. ದಾವಣಗೆರೆಯಲ್ಲಿ ಹತ್ತಿಯ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ನನ್ನ ಚಿಕ್ಕವ್ವ ಒಂದು ಖಾನಾವಳಿಗೆ ರೊಟ್ಟಿ ಬಡಿಯಲು ಹೋಗುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಇಬ್ಬರು ಮಕ್ಕಳನ್ನು ಓದಿಸಿದ್ದು ಆ ರೊಟ್ಟಿಯಿಂದ. ಅವಳ ರೊಟ್ಟಿಯನ್ನು ಉಂಡ ಗಿರಣಿಯವರಿಗೆ ಅವಳ ಹೆಸರು ಗೊತ್ತಿರಲಿಲ್ಲ. ರೊಟ್ಟಿ ದಪ್ಪವಾದ ದಿನ ಮಾತ್ರ, "ಇವತ್ತು ಯಾರು ಬಡಿದವರು?" ಎಂಬ ಕೂಗು ಒಳಗೆ ಬರುತ್ತಿತ್ತಂತೆ.

ಆದರೆ ಹೊರಗಿನ ಊಟ ಅಂದು ಗಂಡಸರ ಸೊತ್ತಾಗಿತ್ತು. ನನ್ನ ವಯಸ್ಸಿನವರಿಗೆ ಹೋಟೆಲಿನ 'ಫ್ಯಾಮಿಲಿ ರೂಮು' ನೆನಪಿರಬಹುದು. ಒಂದು ಮೂಲೆ, ಒಂದು ಮಾಸಿದ ಪರದೆ, ಅದರ ಹಿಂದೆ ನಾಲ್ಕು ಕುರ್ಚಿ. ಅಲ್ಲಿಗೂ ಗಂಡನೋ ಅಣ್ಣನೋ ಕರೆದುಕೊಂಡು ಹೋದರೆ ಮಾತ್ರ ಪ್ರವೇಶ. ಏನು ಬೇಕೆಂದು ಮಾಣಿ ಕೇಳುತ್ತಿದ್ದದ್ದು ಅವರನ್ನೇ. ಬೆಣ್ಣೆ ದೋಸೆಯ ಊರಲ್ಲಿ ಹುಟ್ಟಿಯೂ ನನ್ನ ತಾಯಿ ಕಾವಲಿಯಿಂದೆದ್ದ ಬಿಸಿ ದೋಸೆ ತಿಂದದ್ದು ಕಡಿಮೆ. ಅಪ್ಪ ಎಲೆಯಲ್ಲಿ, ಕಾಗದದಲ್ಲಿ ಕಟ್ಟಿಸಿ ತಂದದ್ದು, ಮಕ್ಕಳು ತಿಂದು ಮಿಕ್ಕಿದ್ದು, ಅವಳಿಗೆ.

ಈಗ ನಮ್ಮ ಎದುರು ಮನೆಯಲ್ಲಿ ಒಬ್ಬಂಟಿಯಾಗಿರುವ ಎಪ್ಪತ್ತರ ಮಹಿಳೆಯೊಬ್ಬರು ಮನಸ್ಸಾದಾಗ ಒಂದೇ ಒಂದು ದೋಸೆ ತರಿಸಿಕೊಂಡು ತಿನ್ನುತ್ತಾರೆ. ಒಬ್ಬರಿಗಾಗಿ ಹಿಟ್ಟು ರುಬ್ಬುವುದು ಯಾರಿಗೆ ಬೇಕು ಅನ್ನುತ್ತಾರೆ. ಮಕ್ಕಳಿಬ್ಬರೂ ದೂರದೇಶದಲ್ಲಿದ್ದಾರೆ. ಅಲ್ಲಿಂದ ಮಗಳು ಫೋನಿನಲ್ಲೇ ಒತ್ತಿ ತಾಯಿಗೆ ಇಲ್ಲಿ ಊಟ ಕಳಿಸಿದ್ದೂ ಉಂಟು. ಜ್ವರ ಬಂದಾಗ ಹಾಗೆ ಬಂದ ಒಂದು ಡಬ್ಬಿ ಗಂಜಿಯನ್ನು ಯಾವ ತಕ್ಕಡಿಯಲ್ಲಿ ತೂಗುವುದು?

ಇನ್ನೊಂದು ಮಾತು. ನನ್ನ ಅಜ್ಜಿ ಮಡಿಯ ಮನುಷ್ಯಳು. ಯಾರ ಕೈಯ ನೀರು, ಯಾರ ಮನೆಯ ಅನ್ನ ಎಂದು ವಿಚಾರಿಸದೆ ಒಂದು ಗುಟುಕೂ ಒಳಗಿಳಿಯುತ್ತಿರಲಿಲ್ಲ. ಇಂದು ಅವಳ ಮರಿಮೊಮ್ಮಕ್ಕಳು ಯಾರು ಮಾಡಿದರು, ಯಾರು ತಂದರು ಎಂದು ಕೇಳದೆ ಗೋಬಿ ಮಂಚೂರಿ ತಿನ್ನುತ್ತಾರೆ. ಸುಧಾರಕರ ಭಾಷಣಗಳಿಂದ ಆಗದ್ದು ಹಸಿವಿನಿಂದ ಆಯಿತೋ ಏನೋ! ಪೂರ್ತಿ ಆಯಿತೆಂದು ಮಾತ್ರ ತಿಳಿಯಬೇಡಿ. 2019ರಲ್ಲಿ ಜಬಲ್ಪುರದ ಗಿರಾಕಿಯೊಬ್ಬರು ಊಟ ತರುವಾತ ಹಿಂದೂ ಅಲ್ಲವೆಂದು ಊಟವನ್ನೇ ಬೇಡವೆಂದರು. 2024ರ ಮಾರ್ಚಿಯಲ್ಲಿ ಜೊಮ್ಯಾಟೊ ಕಂಪನಿ ಶುದ್ಧ ಸಸ್ಯಾಹಾರ ತರುವವರಿಗೆ ಬೇರೆಯೇ ಹಸಿರು ಸಮವಸ್ತ್ರ ಎಂದು ಪ್ರಕಟಿಸಿತು. ಕೆಂಪಂಗಿಯವರನ್ನು ಬಡಾವಣೆಯ ಗೇಟಿನಲ್ಲಿ ತಡೆದಾರು, ಬಾಡಿಗೆ ಮನೆಯಲ್ಲಿರುವ ಗಿರಾಕಿಗಳಿಗೂ ತೊಂದರೆಯಾದೀತು ಎಂಬ ಟೀಕೆ ಬಂದು, ಮರುದಿನವೇ ಎಲ್ಲರಿಗೂ ಕೆಂಪೇ ಎಂದು ತಿದ್ದಿಕೊಂಡಿತು. ಅಜ್ಜಿಯ ಮಡಿಕೋಲು ಮನೆಯಲ್ಲಿ ಮುರಿದರೂ ಗೇಟಿನ ಬಳಿ ಎಲ್ಲೋ ಒರಗಿ ನಿಂತೇ ಇದೆ.

ಕೆಡುಕುಗಳು ಇಲ್ಲವೇ? ಇವೆ, ಎಲ್ಲರಿಗೂ ಗೊತ್ತಿರುವವೇ. ಉಪ್ಪು, ಎಣ್ಣೆ ಹೆಚ್ಚು. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದೆಂದು ನಮ್ಮ ರಾಜ್ಯ ಸರ್ಕಾರ 2024ರ ಮಾರ್ಚಿಯಲ್ಲಿ ನಿಷೇಧ ಹೊರಡಿಸಬೇಕಾಯಿತು. ಹಲವು ಮಾದರಿಗಳಲ್ಲಿ ಅಂಥ ಬಣ್ಣ ಸಿಕ್ಕಿತ್ತು! ಒಂದು ಊಟಕ್ಕೆ ಐದು ಪ್ಲಾಸ್ಟಿಕ್ ಡಬ್ಬಿ. ತೊಳೆದಿಟ್ಟು ತೊಳೆದಿಟ್ಟು ನನ್ನ ಕಪಾಟು ತುಂಬಿದೆ. ಬಿಸಿ ಸಾರನ್ನು ತೆಳು ಚೀಲದಲ್ಲಿ ಕಟ್ಟಿ ಕಳಿಸಿದಾಗ ಮಾತ್ರ ನಾನು ಅದನ್ನು ಮುಟ್ಟುವುದಿಲ್ಲ. ಮಕ್ಕಳ ನಾಲಿಗೆ ಮನೆಯ ಸೊಪ್ಪಿನ ಸಾರಿಗೆ ಒಲ್ಲೆ ಅನ್ನುವುದೂ ಇದೆ. ವಾರಕ್ಕೊಮ್ಮೆಯದು ದಿನಕ್ಕೊಮ್ಮೆಯಾದರೆ ಬರುವ ಕಷ್ಟ ಇದು. ಮನೆಯವರು ಕೂತು ಮಾತಾಡಿದರೆ ಬಗೆಹರಿಯುತ್ತದೆ.

ನನ್ನನ್ನು ಕಾಡುವುದು ಬೇರೆ. ನಮ್ಮಲ್ಲಿ ಒಂದು ಗಾದೆ ಇದೆ, ಕೈ ಕೆಸರಾದರೆ ಬಾಯಿ ಮೊಸರು. ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಇದರ ವಿಸ್ತಾರ ಬರೆಸಿದ್ದೇನೆ. ಕೈಯೂ ಬಾಯಿಯೂ ಒಬ್ಬರದೇ ಎಂದು ಗಾದೆ ನಂಬಿಕೊಂಡಿದೆ. ಅಡುಗೆಮನೆಯಲ್ಲಿ ಯಾವಾಗ ಹಾಗಿತ್ತು? ಕೈ ಒಬ್ಬಳದು, ಬಾಯಿ ಹತ್ತು. ಉಪ್ಪು ಕಡಿಮೆಯಾದಾಗ ಮಾತ್ರ ಆ ಕೈ ನೆನಪಾಗುತ್ತಿತ್ತು. ಈಗ ಅವಳು ವಾರಕ್ಕೊಂದು ರಾತ್ರಿ ಕೈ ತೊಳೆದು ಕೂತಳು. ಕೆಸರು ಎಲ್ಲಿ ಹೋಯಿತು? ಯಾವುದೋ ಹೋಟೆಲಿನ ಹಿಂಬದಿಯಲ್ಲಿ ಬಾಣಲೆಯ ಮುಂದೆ ನಿಂತವನ ಕೈಗೆ, ರಸ್ತೆಯ ಮೇಲೆ ಬೈಕಿನ ಹ್ಯಾಂಡಲ್ ಹಿಡಿದವನ ಕೈಗೆ ಹೋಯಿತು.

ನಮ್ಮ ಬೀದಿಯಲ್ಲಿ ರೊಟ್ಟಿ ಊಟದ ಮೆಸ್ ನಡೆಸುವ ಹೆಣ್ಣುಮಗಳೊಬ್ಬಳಿದ್ದಾಳೆ. ಅವಳಲ್ಲಿಗೆ ಹೋಗಿ ಉಂಡರೆ ಒಂದು ದರ, ಮೊಬೈಲಿನಲ್ಲಿ ಅದೇ ಊಟಕ್ಕೆ ಹೆಚ್ಚಿನ ದರ. ಏಕೆಂದು ಕೇಳಿದೆ. "ನೂರು ರೂಪಾಯಿ ಊಟಕ್ಕೆ ಇಪ್ಪತ್ತೋ ಇಪ್ಪತ್ತೈದೋ ಕಂಪನಿಯವರೇ ಹಿಡಕೊಂಡರೆ ನಾನು ಏನು ಮಾಡ್ಲಿ ಟೀಚರ್? ಬೇಡ ಅಂತ ಬಿಟ್ಟರೆ ರಾತ್ರಿ ವ್ಯಾಪಾರವೇ ಇಲ್ಲ" ಅಂದಳು. ಊಟದ ದರದ ಮೇಲೆ ಪ್ಯಾಕಿಂಗಿಗೆ ಇಷ್ಟು, ಮುಟ್ಟಿಸಿದ್ದಕ್ಕೆ ಇಷ್ಟು, ಕಂಪನಿಯ ಶುಲ್ಕ ಇಷ್ಟು, ತೆರಿಗೆ ಇಷ್ಟು ಎಂದು ಕೂಡಿ ಬರುತ್ತದೆ. 'ಪ್ಲಾಟ್‌ಫಾರ್ಮ್ ಫೀ' ಎಂಬ ಶುಲ್ಕ 2023ರಲ್ಲಿ ಎರಡು ರೂಪಾಯಿಯಿಂದ ಆರಂಭವಾಗಿ ಏರುತ್ತಲೇ ಬಂತು. ಅವಳು ಮೊಬೈಲನ್ನು ಬೈಯುತ್ತಲೂ ಇಲ್ಲ, ಹೊಗಳುತ್ತಲೂ ಇಲ್ಲ. ಅದು ತಂದ ಗಿರಾಕಿಗಳಿಂದಲೇ ಇಬ್ಬರು ಸಹಾಯಕಿಯರನ್ನು ಇಟ್ಟುಕೊಂಡಿದ್ದಾಳೆ. ನಾವು ನಾಲ್ಕು ಹೆಜ್ಜೆ ನಡೆದು ಹೋಗಿ ತಂದರೆ ಆ ಇಪ್ಪತ್ತೈದು ಅವಳ ಡಬ್ಬಕ್ಕೇ ಬೀಳುತ್ತದೆ, ಆದ್ದರಿಂದ ಅವಳಲ್ಲಿಂದ ತರುವಾಗ ನನ್ನ ಮಗನನ್ನೇ ಕಳಿಸುತ್ತೇನೆ. (ಅವನ 97 ನಿಮಿಷಕ್ಕೆ ಹತ್ತು ನಿಮಿಷ ಜಮೆ.)

ತರುವ ಹುಡುಗರ ಲೆಕ್ಕ ಇನ್ನೂ ತೊಡಕಿನದು. ಸ್ವಿಗ್ಗಿ ಹುಟ್ಟಿದ್ದು 2014ರಲ್ಲಿ, ನಮ್ಮ ಬೆಂಗಳೂರಿನಲ್ಲೇ. ಜೊಮ್ಯಾಟೊ 2008ರಲ್ಲಿ ದೆಹಲಿಯಲ್ಲಿ ಬೇರೆ ಹೆಸರಿನಿಂದ ಶುರುವಾದಾಗ ಹೋಟೆಲುಗಳ ತಿಂಡಿಪಟ್ಟಿ ತೋರಿಸುವುದಷ್ಟೇ ಅದರ ಕೆಲಸ. ಇಂದು ಇವುಗಳ ಅಂಗಿ ತೊಟ್ಟ ಹುಡುಗರು ನಮ್ಮಂಥ ಊರುಗಳ ಬೀದಿಯಲ್ಲೂ ತುಂಬಿದ್ದಾರೆ. ಇವರಂತೆ ಕಂಪನಿಗಳಿಗೆ ಬಿಡಿಯಾಗಿ ದುಡಿಯುವವರು ದೇಶದಲ್ಲಿ 2020-21ರಲ್ಲೇ 77 ಲಕ್ಷ ಇದ್ದರೆಂದೂ, 2029-30ರ ಹೊತ್ತಿಗೆ 2.35 ಕೋಟಿ ಆದಾರೆಂದೂ ನೀತಿ ಆಯೋಗದ 2022ರ ವರದಿ ಅಂದಾಜು ಮಾಡಿತ್ತು. ಬೈಕು ಅವರದು, ಪೆಟ್ರೋಲು ಅವರದು, ಬಿದ್ದರೆ ಮೊಣಕಾಲೂ ಅವರದು. ಕಂಪನಿಯ ಬಾಯಲ್ಲಿ ಅವರು ನೌಕರರಲ್ಲ, 'ಪಾಲುದಾರರು'. ಮನೆಯಲ್ಲಿ ಸಂಬಳವಿಲ್ಲದೆ ದುಡಿಯುವವಳನ್ನು 'ಗೃಹಲಕ್ಷ್ಮಿ' ಎಂದು ಕರೆದ ಹಾಗೆಯೇ ಇದೂ. ಹೆಸರು ದೊಡ್ಡದಾದಲ್ಲೆಲ್ಲ ನನಗೆ ಅನುಮಾನ.

ಒಂದು ಶ್ರಾವಣದ ರಾತ್ರಿ ಮಳೆ ಹೊಯ್ಯುತ್ತಿತ್ತು. "ಇಂಥ ಮಳೆಯಲ್ಲಿ ಯಾರನ್ನೋ ನೆನೆಸುವುದು ಬೇಡ, ಉಪ್ಪಿಟ್ಟು ಕೆದಕಿಬಿಡುತ್ತೇನೆ" ಎಂದು ಹೊರಟೆ. ಸೊಸೆ ಆಗಲೇ ಒತ್ತಿಯಾಗಿತ್ತು. ಬಂದ ಹುಡುಗನಿಗೆ ಇಪ್ಪತ್ತೆರಡು ಇಪ್ಪತ್ಮೂರು ಇರಬಹುದು. ಊಟದ ಚೀಲ ಒಣಗಿತ್ತು, ಅವನು ತೊಪ್ಪೆಯಾಗಿದ್ದ. ಟವೆಲ್ ಕೊಟ್ಟು, "ಮಳೆಯಲ್ಲಿ ನಿಮಗೆ ತೊಂದರೆ ಕೊಟ್ಟೆವಪ್ಪ" ಅಂದೆ. ಅವನು ನಕ್ಕ. "ಹಂಗನ್ನಬೇಡ್ರಿ ಅಮ್ಮ. ಮಳೆ ಬಂದಾಗ್ಲೇ ನಮಗೆ ನಾಲ್ಕು ಕಾಸು ಜಾಸ್ತಿ ಸಿಗೋದು. ನೀವು ಆರ್ಡರ್ ಮಾಡ್ಲಿಲ್ಲ ಅಂದ್ರೆ ನಾನು ಅಲ್ಲಿ ಹೋಟೆಲ್ ಮುಂದೆ ಸುಮ್ಮನೆ ನೆನೀತಾ ನಿಲ್ಬೇಕು" ಅಂದ. ಮೆಟ್ಟಿಲಿಳಿಯುವಷ್ಟರಲ್ಲಿ ಅವನ ಫೋನು ಮತ್ತೆ ಕೂಗಿತು.

ಆ ರಾತ್ರಿ ನನಗೆ ಊಟಕ್ಕಿಂತ ಅವನ ಮಾತನ್ನು ಅರಗಿಸಿಕೊಳ್ಳುವುದು ಕಷ್ಟವಾಯಿತು. ತರಿಸಿದರೆ ಅವನು ನೆನೆಯುತ್ತಾನೆ. ತರಿಸದಿದ್ದರೆ ನೆನೆದೂ ಕಾಸಿಲ್ಲದೆ ಹೋಗುತ್ತಾನೆ. ಒಲೆ ಹಚ್ಚಿ ನಾನು ನನ್ನ ಮನಸ್ಸನ್ನು ಬೆಚ್ಚಗೆ ಇಟ್ಟುಕೊಳ್ಳಬಹುದು, ಅವನ ಒಲೆಗೆ ಅದರಿಂದ ಏನೂ ಆಗುವುದಿಲ್ಲ. ಹಾಗಾದರೆ ತರಿಸುವುದೇ ಪುಣ್ಯವೇ? ಅದೂ ನನಗೆ ಒಪ್ಪಿಗೆಯಾಗದು. ಹಸಿದವನು ಸಿಕ್ಕಿದ ಕೂಲಿಗೆ ಒಪ್ಪಿದ ಮಾತ್ರಕ್ಕೆ ಆ ಕೂಲಿ ನ್ಯಾಯದ್ದಾಗುವುದಿಲ್ಲ. ನನ್ನ ಚಿಕ್ಕವ್ವನೂ ಬೇಡವೆನ್ನದೆ ನಸುಕಿನಲ್ಲೆದ್ದು ರೊಟ್ಟಿ ಬಡಿಯಲು ಹೋಗುತ್ತಿದ್ದಳು. ಅವಳ ಸುಟ್ಟ ಅಂಗೈ ನೋಡಿದವಳು ನಾನು.

ಇಂಥದ್ದನ್ನು ಒಂದೊಂದು ಮನೆಯ ದಯೆಗೆ ಬಿಡಲು ಬರುವುದಿಲ್ಲ. ನಮ್ಮ ರಾಜ್ಯದಲ್ಲಿ 2025ರಲ್ಲಿ ಇವರಿಗಾಗಿಯೇ ಕಾಯ್ದೆಯೊಂದು ಬಂತು. ಇವರಿಗೆ ಕೊಡುವ ಪ್ರತಿ ಪಾವತಿಯ ಮೇಲೆ ಶೇಕಡಾ 1ರಿಂದ 5ರವರೆಗೆ ಕಂಪನಿಗಳಿಂದ ಕಲ್ಯಾಣ ಶುಲ್ಕ ಪಡೆದು, ಮಂಡಳಿಯೊಂದರ ಮೂಲಕ ಇವರ ಭದ್ರತೆಗೆ ಬಳಸುವುದು ಅದರ ಮುಖ್ಯ ಅಂಶ. ರಾಜಸ್ಥಾನ 2023ರಲ್ಲೇ ಇಂಥ ಕಾಯ್ದೆ ಮಾಡಿತ್ತು. ಈ ಶುಲ್ಕವನ್ನು ಕೊನೆಗೆ ನಮ್ಮ ಬಿಲ್ಲಿಗೇ ಏರಿಸಿದರೂ ಏರಿಸಲಿ, ನಾನು ಗೊಣಗುವುದಿಲ್ಲ. ನಾವು ಅಗ್ಗ, ಬೇಗ ಎಂದು ಹಿಗ್ಗುವಾಗ ಆ ಅಗ್ಗಕ್ಕೆ, ಆ ಬೇಗಕ್ಕೆ ಬೆಲೆ ತೆರುವವರು ಬೇರೆ ಇದ್ದಾರೆ. 2022ರ ಮಾರ್ಚಿಯಲ್ಲಿ ಹತ್ತೇ ನಿಮಿಷದಲ್ಲಿ ಊಟ ತರುತ್ತೇವೆಂದು ಜೊಮ್ಯಾಟೊ ಸಾರಿದಾಗ, ರಸ್ತೆಯಲ್ಲಿ ಹುಡುಗರ ಪ್ರಾಣದ ಗತಿಯೇನೆಂದು ಬಹಳ ಜನ ಕೇಳಿದ್ದರು. ನೀವೇ ಹೇಳಿ, ಅಕ್ಕಿ ಬೇಯಲೇ ಹತ್ತು ನಿಮಿಷ ಸಾಲದು. ಅಷ್ಟು ಅವಸರದ ಹಸಿವು ಯಾರ ಮನೆಯಲ್ಲಿದೆ?

ಕಾಯ್ದೆ ಗೇಟಿನ ಹೊರಗಿನದು. ಗೇಟಿನ ಒಳಗೆ ನಾವಿದ್ದೇವೆ. ಕಳೆದ ತಿಂಗಳು ನಮ್ಮ ಅಪಾರ್ಟ್‌ಮೆಂಟಿನ ಸಭೆಯಲ್ಲಿ ಒಂದು ಸೂಚನೆ ಬಂತು: ಊಟ ತರುವ ಹುಡುಗರು ಲಿಫ್ಟ್ ಬಳಸಬಾರದು. ಕಾರಣ, ಲಿಫ್ಟ್ ಗಲೀಜಾಗುತ್ತದೆ, ಕರೆಂಟ್ ಬಿಲ್ಲು ಏರುತ್ತದೆ. ಸೂಚಿಸಿದವರ ಮನೆಗೇ ಅತಿ ಹೆಚ್ಚು ಪೊಟ್ಟಣ ಬರುವುದನ್ನು ವಾಚ್‌ಮನ್ ಬಲ್ಲ, ನಾನೂ ಬಲ್ಲೆ. "ನಾಲ್ಕು ಮಹಡಿ ಹತ್ತಿಳಿದು ಅವನು ಕಳೆದುಕೊಳ್ಳುವ ಹೊತ್ತನ್ನು ರಸ್ತೆಯಲ್ಲಿ ವೇಗ ಹೆಚ್ಚಿಸಿ ತುಂಬಿಕೊಳ್ಳಬೇಕಾಗುತ್ತದಲ್ಲ?" ಎಂದು ಕೇಳಿದೆ. "ಅದು ಕಂಪನಿಗೆ ಬಿಟ್ಟದ್ದು ಮೇಡಂ" ಅಂದರು. "ಲಿಫ್ಟ್ ಒರೆಸುವ ಹೆಣ್ಣುಮಗಳೂ ಮೆಟ್ಟಿಲೇ ಹತ್ತಬೇಕೋ?" ಅಂದೆ. "ಅದು ಬೇರೆ ವಿಷಯ" ಅಂದರು. ಹೇಗೆ ಬೇರೆ ಎಂದು ಯಾರೂ ವಿವರಿಸಲಿಲ್ಲ. ಕೈ ಎತ್ತಿಸಿದಾಗ ಪರವಾಗಿ ಒಂಬತ್ತು, ವಿರೋಧವಾಗಿ ಏಳು. ಒಳಗೆ ಕಾಫಿ ಬೆರೆಸುತ್ತಿದ್ದ ಐವರು ಹೆಂಗಸರ ಕೈಯನ್ನು ಯಾರೂ ಎಣಿಸಿರಲಿಲ್ಲ. ಅದನ್ನು ನಾನು ಎತ್ತಿ ಆಡಿದ್ದರಿಂದ ತೀರ್ಮಾನ ಮುಂದಕ್ಕೆ ಹೋಗಿದೆ.

ಮುಂದಿನ ಸಭೆ ಬರುವ ತಿಂಗಳ ಎರಡನೆಯ ಭಾನುವಾರ. ಆ ಐವರಲ್ಲಿ ಮೂವರು ಒಳಗೆ ನಿಲ್ಲದೆ ಹೊರಗೆ ಬಂದು ಕೂರುವುದಾಗಿ ಹೇಳಿದ್ದಾರೆ. ಎದುರು ಮನೆಯ ಹಿರಿಯರೂ ಬರುತ್ತಾರಂತೆ. ಕಾಫಿಯನ್ನು ಆ ದಿನ ಬೀದಿಯ ಮೆಸ್ಸಿನಿಂದ ತರಿಸುವುದೆಂದು ನಾವೇ ಮಾತಾಡಿಕೊಂಡಿದ್ದೇವೆ, ಫ್ಲಾಸ್ಕ್ ಹಿಡಿದು ಹೋಗಿ ತರುವ ಕೆಲಸ ನನ್ನ ಮಗನದು.