ಮೈಲೇಜು ಮತ್ತು ದಿಗ್‌ವ್ರತ

“ಮಾವ, ಹೈಬ್ರಿಡ್ ಕಾರು ತೆಗೆದುಕೊಳ್ಳಿ, ನಿಮ್ಮ ಪಾಪ ಅರ್ಧಕ್ಕರ್ಧ ಇಳಿಯುತ್ತದೆ” ಎಂದು ಬೆಂಗಳೂರಿನ ಅಳಿಯ ಹೇಳಿದ್ದು ತಮಾಷೆಗೆ. ಗೆಡ್ಡೆ ತಿನ್ನದ, ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನನ ಅಂಗಳದಲ್ಲಿ ಹೊಗೆ ಕಾರುವ ಡೀಸೆಲ್ ಜೀಪು ಯಾಕೆ ಎಂಬುದು ಒಳಗಿನ ಚುಚ್ಚು. ವಿಟ್ಲದಲ್ಲಿ ಅಡಿಕೆ ತೋಟ ಮಾಡಿಕೊಂಡಿರುವ ನನಗೆ ಇದು ಶೋರೂಮಿನಲ್ಲಿ ಬಗೆಹರಿಯುವ ಪ್ರಶ್ನೆ ಅನಿಸಲಿಲ್ಲ.

ಲಾಭ ಇದೆ, ಇಲ್ಲವೆನ್ನುವಂತಿಲ್ಲ. ಟೊಯೋಟಾ 2022ರಲ್ಲಿ ತಂದ ಹೈರೈಡರ್ ಹೈಬ್ರಿಡ್‌ಗೆ ಎ.ಆರ್.ಎ.ಐ. ಪರೀಕ್ಷೆಯ ಲೆಕ್ಕದಲ್ಲಿ ಲೀಟರಿಗೆ 27.97 ಕಿ.ಮೀ. ಬ್ರೇಕ್ ಒತ್ತಿದಾಗ ಬಿಸಿಯಾಗಿ ಹೋಗಬೇಕಾದ ಶಕ್ತಿಯಲ್ಲಿ ಒಂದು ಪಾಲನ್ನು ಮೋಟಾರು ಕರೆಂಟು ಮಾಡಿ ಬ್ಯಾಟರಿಗೆ ಕಳಿಸುತ್ತದೆ. ಕಲ್ಲಡ್ಕದಲ್ಲಿ ಫ್ಲೈಓವರ್ ಕೆಲಸ ನಡೆಯುತ್ತಿದ್ದಾಗ ತೆವಳಿಕೊಂಡು ಬಿ.ಸಿ. ರೋಡಿಗೆ ಹೋದವರಿಗೆ ಇದರ ಬೆಲೆ ಗೊತ್ತು. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೊರಟರೆ ಮಾತ್ರ ದುಡಿಯುವುದು ಹೆಚ್ಚಾಗಿ ಪೆಟ್ರೋಲೇ. ಕೊಳ್ಳುವಾಗ ಕೈಯಿಂದ ಹೋಗುವ ದುಡ್ಡೂ ಹೆಚ್ಚು. ನಿಧಾನಕ್ಕೆ ಹೋಗುವಾಗ ಸದ್ದಿಲ್ಲ, ಅಂಗಳದಲ್ಲಿ ಮಲಗಿದ ನಾಯಿಗೆ ಅದು ಒಳ್ಳೆಯದಲ್ಲ. ಇನ್ನು ಮೊದಲ ಮಳೆಯ ರಾತ್ರಿ ರಸ್ತೆಗಿಳಿಯುವ ಕಪ್ಪೆಗಳಿಗೆ ಚಕ್ರ ತಿರುಗಿಸಿದ್ದು ಪೆಟ್ರೋಲೋ ಕರೆಂಟೋ, ಎರಡೂ ಒಂದೇ.

ಹಾಗಾದರೆ ಪೂರ್ತಿ ಎಲೆಕ್ಟ್ರಿಕ್? ಇಲ್ಲಿ ನನಗೆ ಮನಸ್ಸು ತಡೆಯುತ್ತದೆ, ಕರೆಂಟೂ ಪುಕ್ಕಟೆ ಬರುವುದಿಲ್ಲ. ಉಡುಪಿಯಿಂದ ಕಾಸರಗೋಡಿಗೆ ಎಳೆಯುವ 400 ಕೆ.ವಿ. ಲೈನನ್ನು ನಮ್ಮ ವಿಟ್ಲದ ಕಡೆಯ ಕೃಷಿಕರು ವರ್ಷಗಟ್ಟಲೆ ವಿರೋಧಿಸಿದರು. ಆ ತಂತಿಯ ಕೆಳಗೆ ಅಡಿಕೆ, ತೆಂಗು ನಿಲ್ಲುವಂತಿಲ್ಲ. ಪಡುಬಿದ್ರಿ ಹತ್ತಿರದ ಎಲ್ಲೂರಿನ ವಿದ್ಯುತ್ ಸ್ಥಾವರದಲ್ಲಿ ಉರಿಯುವುದು ಹಡಗಿನಲ್ಲಿ ಬಂದ ಕಲ್ಲಿದ್ದಲು. ಮಾಡಿದ್ದು, ಮಾಡಿಸಿದ್ದು, ಮಾಡಿದವರಿಗೆ ತಲೆದೂಗಿದ್ದು, ಈ ಮೂರನ್ನೂ ನಮ್ಮ ಶಾಸ್ತ್ರ ಹಿಂಸೆಯ ಲೆಕ್ಕಕ್ಕೆ ಹಿಡಿಯುತ್ತದೆ. ನನ್ನ ಕಾರಿನ ಹೊಗೆ ಎಲ್ಲೂರಿನಲ್ಲಿ ಎದ್ದರೆ ಅದು ‘ಕಾರಿತ’, ಅಂದರೆ ಮಾಡಿಸಿದ್ದು, ಆಯಿತೇ ಹೊರತು ಇಲ್ಲವಾಗಲಿಲ್ಲ. ಪೆಟ್ರೋಲೇನು ಆಕಾಶದಿಂದ ಬೀಳುತ್ತದೆಯೇ? ಕುತ್ತೆತ್ತೂರಿನ ರಿಫೈನರಿಗೂ ಜನ ಜಾಗ ಬಿಟ್ಟಿದ್ದಾರೆ. ಹೈಬ್ರಿಡ್‌ನಲ್ಲಿ ಬೆಂಕಿಯ ಒಂದು ಪಾಲಾದರೂ ನನ್ನ ಬಾನೆಟ್ಟಿನ ಕೆಳಗೇ ಇರುತ್ತದೆ, ಮರೆಯಲು ಬಿಡುವುದಿಲ್ಲ. ಅಷ್ಟರಮಟ್ಟಿಗೆ ಅದೇ ಪ್ರಾಮಾಣಿಕ.

ಈ ಹಿಂಸೆ ಬೇಡವೆಂದೇ ನಮ್ಮ ಮುನಿಗಳು ವಾಹನ ಹತ್ತುವುದಿಲ್ಲ. ಗೃಹಸ್ಥನಿಗೆ ವಿನಾಯಿತಿ ಇದೆ: ಅಡುಗೆಯ ಒಲೆಯದು ಆರಂಭೀ ಹಿಂಸೆ, ಅಡಿಕೆ ಪೇಟೆಗೆ ಒಯ್ಯುವುದು ಉದ್ಯೋಗೀ ಹಿಂಸೆ. ಬಿಡಲೇಬೇಕಾದದ್ದು ಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆಯನ್ನು. ಆದರೆ ವಿನಾಯಿತಿಯ ಜೊತೆಗೇ ಬೇಲಿಯೂ ಇದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ದಿಗ್‌ವ್ರತ ಬರುತ್ತದೆ: ಯಾವ ದಿಕ್ಕಿಗೆ ಎಷ್ಟು ದೂರ ಹೋಗುತ್ತೇನೆ ಎಂದು ಮೊದಲೇ ಗೆರೆ ಎಳೆದುಕೊಳ್ಳುವುದು. ಗೆರೆಯಾಚೆಯ ಜೀವಗಳಿಗೆ ವ್ರತ ಹಿಡಿದವನಿಂದ ಅಭಯ. ಆ ವ್ರತಕ್ಕೆ ಬರುವ ಐದು ದೋಷಗಳಲ್ಲಿ ಒಂದು ಕ್ಷೇತ್ರವೃದ್ಧಿ, ಅಂದರೆ ಎಳೆದ ಗೆರೆಯನ್ನು ಆಸೆಗೆ ತಕ್ಕಂತೆ ಸರಿಸುವುದು. ಒಳ್ಳೆಯ ಮೈಲೇಜು ಕಲಿಸುವುದು ಇದನ್ನೇ. ಲೀಟರಿಗೆ ಹನ್ನೆರಡು ಕೊಡುವ ನನ್ನ ಜೀಪು ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಹೊರಡುವಾಗಲೂ ಎರಡು ಸಲ ಯೋಚಿಸುವಂತೆ ಮಾಡುತ್ತದೆ. ಇಪ್ಪತ್ತೇಳು ಕೊಡುವ ಗಾಡಿ “ವೇಣೂರಿಗೂ ಹೋಗಿಬರುವ, ಏನು ಮಹಾ ಖರ್ಚು” ಅನ್ನಿಸುತ್ತದೆ. ಉಳಿದ ಎಣ್ಣೆಯೆಲ್ಲ ಹೆಚ್ಚಿದ ತಿರುಗಾಟಕ್ಕೆ ಸಂದಾಯ.

ಆದ್ದರಿಂದ ಹೈಬ್ರಿಡ್ ಬರಲಿ, ಆದರೆ ಬುಕಿಂಗಿಗೆ ಮೊದಲು ಗೆರೆ ಎಳೆದಾಗಬೇಕು ಎಂಬ ತೀರ್ಮಾನಕ್ಕೆ ಬಂದಿದ್ದೇನೆ. ಬಡಗಿಗೆ ಕಾರ್ಕಳ, ತೆಂಕಿಗೆ ಕಾಸರಗೋಡು, ಮೂಡಿಗೆ ಚಾರ್ಮಾಡಿಯ ಬುಡ, ಪಡುವಿಗೆ ಸಮುದ್ರವೇ ಇದೆ. ಶಾಸ್ತ್ರದ ದಿಗ್‌ವ್ರತ ಕಾಲಿಗೂ ಅನ್ವಯಿಸುತ್ತದೆ, ನಾನು ಕಾರಿಗೆ ಮಾತ್ರ ಹಾಕುತ್ತಿದ್ದೇನೆ, ಪಂಡಿತರು ಒಪ್ಪಲಿಕ್ಕಿಲ್ಲ. 2030ರ ಮಸ್ತಕಾಭಿಷೇಕಕ್ಕೆ ಶ್ರವಣಬೆಳಗೊಳಕ್ಕೆ ಹೋಗುವುದಾದರೆ ಕಬಕ ಪುತ್ತೂರಿನಲ್ಲಿ ರೈಲು ಹತ್ತಿದರಾಯಿತು.